ಎಣ್ಣೆಯ ಊರಿನಲ್ಲಿ ಮನೆ ಕೊಳ್ಳಬಹುದೇ?

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡರೆ ಆರರಲ್ಲಿ ಆರೂ ಎಣ್ಣೆಯವೇ. ಒಬ್ಬರಿಗೆ ಬಾವಿಯ ಎಣ್ಣೆಯ ಚಿಂತೆ, ಒಬ್ಬರಿಗೆ ಬಾಣಲೆಯ ಎಣ್ಣೆಯ ಚಿಂತೆ. ಬ್ಯಾಂಕಿನಿಂದ ನಿವೃತ್ತನಾದವನಿಗೆ ಬಡ್ಡಿ, ಠೇವಣಿ, ತೆರಿಗೆ ಬಗ್ಗೆ ಕೇಳುವುದು ರೂಢಿ. ಈ ಸಲ ರೂಢಿ ತಪ್ಪಿದ್ದು ನನಗಂತೂ ಸಂತೋಷವೇ.

ಪ್ರಶ್ನೆ: ನನ್ನ ಮಗ ದಾವಣಗೆರೆಯಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಎಂ.ಎಸ್. ಮುಗಿಸಿ, ಈಗ ಹ್ಯೂಸ್ಟನ್‌ನಲ್ಲಿ ಎಣ್ಣೆ ಬಾವಿ ಕೊರೆಯುವವರಿಗೆ ಸಲಕರಣೆ ಒದಗಿಸುವ ಕಂಪನಿಯೊಂದರಲ್ಲಿ ಇದ್ದಾನೆ. ಎಚ್-1ಬಿ ವೀಸಾ. ಅಲ್ಲಿ ಮನೆ ಕೊಳ್ಳುತ್ತೇನೆ, ಮುಂಗಡಕ್ಕೆ ನೀವೂ ಸ್ವಲ್ಪ ಸೇರಿಸಿ ಎನ್ನುತ್ತಾನೆ. ಸೇರಿಸಬೇಕೆಂದರೆ ನಾನು ಇಲ್ಲಿಯ ನಿವೇಶನ ಮಾರಬೇಕು. ಮೊನ್ನೆ ಫೋನಿನಲ್ಲಿ, ಎಣ್ಣೆಯ ಬೆಲೆ ಇಳಿದದ್ದರಿಂದ ಅವನ ವಿಭಾಗದಲ್ಲಿ ಇಬ್ಬರನ್ನು ಕೆಲಸದಿಂದ ತೆಗೆದರು ಎಂದ. ಅಷ್ಟು ದೊಡ್ಡ ಊರು ಒಂದು ಸರಕಿನ ಬೆಲೆಯ ಮೇಲೆ ನಿಂತಿರುತ್ತದೆಯೇ? — ನಿವೃತ್ತ ಶಿಕ್ಷಕರು, ನಿಟುವಳ್ಳಿ, ದಾವಣಗೆರೆ

ಉತ್ತರ: ಮೇಷ್ಟ್ರೇ, ನಿವೇಶನ ಮಾರಬೇಡಿ. ಉತ್ತರ ಇಷ್ಟೇ. ಕಾರಣ ಮಾತ್ರ ಉದ್ದವಿದೆ, ಚಹಾ ತರಿಸಿಕೊಂಡು ಓದಿ.

ಬ್ಯಾಂಕಿಗೆ ಸೇರುವ ಮೊದಲು, 1983ರಿಂದ ಮೂರು ವರ್ಷ, ನಾನು ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು. ಎಣ್ಣೆ ವ್ಯಾಪಾರದಲ್ಲಿ ಮುಂಬಯಿ ಬಿಟ್ಟರೆ ನಾವೇ ಎಂದು ಊರಿನವರು ಹೇಳಿಕೊಳ್ಳುತ್ತಿದ್ದರು. ಶೇಂಗಾ ಬರತೊಡಗಿದರೆ ಮಿಲ್ಲು ಹಗಲು ರಾತ್ರಿ ಓಡುತ್ತಿತ್ತು. ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರಿನ ಬಾಯಿಂದ ಶೇಂಗಾ ಹಿಂಡಿ ಕಂದು ಹಪ್ಪಳದ ಚೂರುಗಳಂತೆ ಬಿಸಿಬಿಸಿಯಾಗಿ ಉದುರುತ್ತಿತ್ತು. ಚಳಿಯ ರಾತ್ರಿಗಳಲ್ಲಿ ಹಮಾಲರು ಆ ರಾಶಿಯ ಪಕ್ಕದಲ್ಲೇ ಕಂಬಳಿ ಹಾಸಿ ಮಲಗುತ್ತಿದ್ದರು. ಗೇಟಿನ ಬಳಿ ಬೇವಿನ ಮರದ ಕೆಳಗೆ ಒಬ್ಬ ಕುಳಿತು ಹದಿನೈದು ಕಿಲೋ ಡಬ್ಬಿಗಳ ಬಾಯಿಗೆ ಬೆಸುಗೆ ಹಾಕುತ್ತಿದ್ದ. ಇದ್ದಿಲ ಒಲೆ, ಕಾದ ಕಬ್ಬಿಣ, ಒಂದು ಚಿಪ್ಪಿನಲ್ಲಿ ನವಸಾಗರ. ಡಬ್ಬಿಗೆ ಇಷ್ಟು ಪೈಸೆ ಎಂದು ಅವನ ಕೂಲಿ. ನಾನು ಬರೆಯುತ್ತಿದ್ದ ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ.

ಮಳೆ ಕೈಕೊಟ್ಟ ವರ್ಷವಿರಲಿ, ಎಣ್ಣೆಯ ದರ ಕುಸಿದು ‘ನಾಲ್ಕು ದಿನ ನಿಲ್ಲಿಸಿ ನೋಡೋಣ’ ಎಂದು ಸಾಹುಕಾರರು ಹೇಳಿದ ವಾರವಿರಲಿ, ಮೊದಲು ಎದ್ದು ಹೋಗುತ್ತಿದ್ದವನು ಆ ಬೆಸುಗೆಯವನು. ಅವನ ಹಿಂದೆ ಕಾಳು ಆರಿಸುವ ಹೆಂಗಸರು. ಆಮೇಲೆ ಗಾಡಿಯವರು. ಎದುರಿನ ಚಹಾ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತಿತ್ತು, ಹಬ್ಬದ ಬಟ್ಟೆಯ ಅಂಗಡಿಯಲ್ಲಿ ಹುಡುಗರು ನೊಣ ಹೊಡೆಯುತ್ತಿದ್ದರು. ನನ್ನ ಸಂಬಳ ಒಂದು ತಿಂಗಳು ತಡವಾಗುತ್ತಿತ್ತು. ಸಾಹುಕಾರರ ಮನೆಯ ಊಟದಲ್ಲಿ ತುಪ್ಪ ಕಡಿಮೆಯಾದದ್ದನ್ನು ಮಾತ್ರ ನಾನು ಕಂಡಿಲ್ಲ.

ಹ್ಯೂಸ್ಟನ್‌ನದ್ದೂ ಇದೇ ಲೆಕ್ಕ, ಸೊನ್ನೆಗಳು ಹೆಚ್ಚು. ಬೆಲೆ ಬಿದ್ದ ಕೂಡಲೇ ತೋಡಿದ ಬಾವಿಯಿಂದ ಎಣ್ಣೆ ಬರುವುದು ನಿಲ್ಲುವುದಿಲ್ಲ, ಅದು ಹರಿಯುತ್ತಲೇ ಇರುತ್ತದೆ. ನಿಲ್ಲುವುದು ಹೊಸ ಬಾವಿ ಕೊರೆಯುವ ಕೆಲಸ. ಕಂಪನಿಗಳು ಮುಂದಿನ ವರ್ಷದ ಬಂಡವಾಳವನ್ನು ಕತ್ತರಿಸುತ್ತವೆ, ಬಾವಿ ಕೊರೆಯುವ ಯಂತ್ರಗಳಾದ ರಿಗ್‌ಗಳು ಸಾಲಾಗಿ ಅಂಗಳಕ್ಕೆ ವಾಪಸಾಗುತ್ತವೆ, ರಿಗ್ಗಿಗೆ ಕೊಳವೆ, ಪಂಪು, ಮರಳು, ಊಟ, ಲಾರಿ ಒದಗಿಸುವವರಿಗೆ ಕೆಲಸ ತಪ್ಪುತ್ತದೆ. 2014ರ ಕೊನೆಯಲ್ಲಿ ಅಮೆರಿಕದಲ್ಲಿ 1,900ಕ್ಕೂ ಹೆಚ್ಚು ರಿಗ್‌ಗಳು ಓಡುತ್ತಿದ್ದವು. 2016ರ ಮೇ ತಿಂಗಳಿಗೆ ಉಳಿದದ್ದು ಸುಮಾರು 400. ನಿಮ್ಮ ಮಗನ ಕಂಪನಿ ಬದುಕುವುದು ಈ ಸಂಖ್ಯೆಯ ಮೇಲೆ. ಅವನು ಹವಾನಿಯಂತ್ರಿತ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿರಬಹುದು, ಆದರೆ ಲೆಕ್ಕದ ಪ್ರಕಾರ ಅವನು ಕುಳಿತಿರುವುದು ನಮ್ಮ ಗೇಟಿನ ಬೇವಿನ ಮರದ ಕೆಳಗೆ. ಬೇಸರ ಮಾಡಿಕೊಳ್ಳಬೇಡಿ.

ಈಗ ಮನೆಯ ವಿಚಾರ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಕೊಡುವುದಿಲ್ಲ ಎಂದಾಗ ಪೀಪಾಯಿಗೆ 3 ಡಾಲರ್ ಆಸುಪಾಸಿದ್ದ ಬೆಲೆ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ಇರಾನಿನ ಕ್ರಾಂತಿಯ ನಂತರ 35 ದಾಟಿತು. ಅದೇ ಬೆಲೆ ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳನ್ನು ಹಿಂಡಿತು, ಹ್ಯೂಸ್ಟನ್‌ಗೆ ಸುಗ್ಗಿ ತಂದಿತು. ಡೆಟ್ರಾಯಿಟ್‌ನಲ್ಲಿ ಕೆಲಸ ಕಳೆದುಕೊಂಡವರು ಹ್ಯೂಸ್ಟನ್‌ಗೆ ಗುಳೆ ಬಂದರು. ಬಂದವರಿಗೆ ಮನೆ ಬೇಕು, ಕಚೇರಿ ಬೇಕು, ಬ್ಯಾಂಕುಗಳ ಕೈಯಲ್ಲಿ ಹಣವಿತ್ತು, ಕಟ್ಟಿದರು. ಇನ್ನೂ ಬರುತ್ತಾರೆ ಎಂದು ಮತ್ತಷ್ಟು ಕಟ್ಟಿದರು. 1982ರಿಂದ ಗಾಳಿ ತಿರುಗಿತು. 1986ರಲ್ಲಿ, ಸೌದಿ ಅರೇಬಿಯಾ ‘ಬೆಲೆ ಕಾಯುವ ಹೊಣೆ ನನ್ನೊಬ್ಬನದೇ ಏಕೆ’ ಎಂಬಂತೆ ಉತ್ಪಾದನೆ ಹೆಚ್ಚಿಸಿದ ಮೇಲೆ, ಬೆಲೆ 10 ಡಾಲರ್ ಹತ್ತಿರಕ್ಕೆ ಬಿತ್ತು. ಐದು ವರ್ಷಗಳಲ್ಲಿ ಹ್ಯೂಸ್ಟನ್ ಎರಡು ಲಕ್ಷಕ್ಕೂ ಹೆಚ್ಚು ಕೆಲಸಗಳನ್ನು ಕಳೆದುಕೊಂಡಿತು. ಆಚೆ ಬದಿಯ ಆಕಾಶ ಈಚೆಯಿಂದ ಕಾಣುವಷ್ಟು ಖಾಲಿಯಾದ ಗಾಜಿನ ಕಟ್ಟಡಗಳು ನಿಂತವು. ಸಾಲ ಕಟ್ಟಲಾಗದವರು ಮನೆಯ ಬೀಗದ ಕೈಯನ್ನು ಬ್ಯಾಂಕಿಗೆ ಅಂಚೆಯಲ್ಲಿ ಹಾಕಿ ಊರು ಬಿಟ್ಟರು. ದಶಕ ಮುಗಿಯುವಷ್ಟರಲ್ಲಿ, ಹ್ಯೂಸ್ಟನ್ ಇರುವ ಟೆಕ್ಸಾಸ್ ರಾಜ್ಯದ ಹತ್ತು ದೊಡ್ಡ ಬ್ಯಾಂಕುಗಳಲ್ಲಿ ಒಂಬತ್ತು ಮುಳುಗಿದ್ದವು, ಇಲ್ಲವೇ ಬೇರೆಯವರ ಪಾಲಾಗಿದ್ದವು. ಬ್ಯಾಂಕಿನವನಾಗಿ ಈ ಸಾಲನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಎಣ್ಣೆಯ ಊರಿನಲ್ಲಿ ಕೆಲಸ ಹೋಗುವ ದಿನವೇ ಮನೆಯ ಬೆಲೆಯೂ ಇಳಿದಿರುತ್ತದೆ. ಕೊಳ್ಳಬೇಕಾದವನೂ ಅದೇ ಕೆಲಸ ಕಳೆದುಕೊಂಡವನೇ. ಒಂದೇ ಗೂಟಕ್ಕೆ ಎರಡೂ ಎತ್ತುಗಳನ್ನು ಕಟ್ಟಿದ ಹಾಗೆ, ಗೂಟ ಕಿತ್ತರೆ ಎರಡೂ ಹೋದವು. ನೀವು ಈಗ ಮೂರನೆಯದನ್ನೂ, ನಿಟುವಳ್ಳಿಯ ನಿವೇಶನವನ್ನೂ, ತಂದು ಅದಕ್ಕೇ ಕಟ್ಟಲು ಹೊರಟಿದ್ದೀರಿ.

ನ್ಯಾಯಕ್ಕೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2014ರ ಜೂನ್‌ನಲ್ಲಿ ವಿಶ್ವ ಪೇಟೆಯ ಬೆಲೆಗೆ ಅಳತೆಗೋಲಾದ ಬ್ರೆಂಟ್ ಕಚ್ಚಾ ತೈಲ ಪೀಪಾಯಿಗೆ 115 ಡಾಲರ್ ಇತ್ತು, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಆಗ ಹ್ಯೂಸ್ಟನ್ 1986ರಂತೆ ಅಂಗಾತ ಬೀಳಲಿಲ್ಲ. ಬಾವಿಯ ಕಡೆಯವರು ಸಾವಿರಗಟ್ಟಲೆ ಕೆಲಸ ಕಳೆದುಕೊಂಡರು, ಆದರೆ ಹಡಗು ಕಾಲುವೆಯ ಉದ್ದಕ್ಕೂ ಇರುವ ಸಂಸ್ಕರಣಾಗಾರಗಳಿಗೂ ಪ್ಲಾಸ್ಟಿಕ್ ಮತ್ತು ರಾಸಾಯನಿಕ ಕಾರ್ಖಾನೆಗಳಿಗೂ ಅಗ್ಗದ ಎಣ್ಣೆ, ಅಗ್ಗದ ಅನಿಲ ಹಬ್ಬವಾಯಿತು. ಹೊಸ ಘಟಕಗಳನ್ನು ಕಟ್ಟಲು ವೆಲ್ಡರ್‌ಗಳೇ ಸಿಗುತ್ತಿರಲಿಲ್ಲ. ಶೇಂಗಾ ಬೆಲೆ ಬಿದ್ದರೆ ರೈತ ಅಳುತ್ತಾನೆ, ಮಿಲ್ಲಿನವನು ಚೀಲ ಬಿಚ್ಚುತ್ತಾನೆ, ಅಂಥದ್ದೇ. ಮಗ ಬಾವಿಯ ಕಡೆಯವನೋ ಮಿಲ್ಲಿನ ಕಡೆಯವನೋ ಎಂಬುದನ್ನು ಮನೆಯ ಮಾತಿಗೂ ಮೊದಲು ಕೇಳಬೇಕಿತ್ತು. ನಿಮ್ಮ ಪತ್ರದ ಪ್ರಕಾರ ಅವನು ಬಾವಿಯ ಕಡೆಯವನು.

ಊರು ಉಳಿದದ್ದಕ್ಕೆ ಇನ್ನೊಂದು ಕಾರಣ ಎಣ್ಣೆಯದ್ದಲ್ಲ. ಟೆಕ್ಸಾಸ್ ಮೆಡಿಕಲ್ ಸೆಂಟರ್ ಶುರುವಾದದ್ದು 1945ರಲ್ಲಿ. ನಾಸಾದ ಬಾಹ್ಯಾಕಾಶ ಕೇಂದ್ರ ಹ್ಯೂಸ್ಟನ್‌ಗೆ ಎಂದು ಗೊತ್ತಾದದ್ದು 1961ರಲ್ಲಿ. ಎಣ್ಣೆಯ ಸುಗ್ಗಿಗೂ ಮೊದಲೇ ನೆಟ್ಟ ಗಿಡಗಳು ಸುಗ್ಗಿ ಮುಗಿದ ಮೇಲೆ ನೆರಳಾದವು. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಊರು ನಮ್ಮದು. ಹತ್ತಿ ಗಿರಣಿಯ ಸೈರನ್ ಕೇಳಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಜನ ನಾವು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಊರೇ ಮುಗಿಯಿತು ಎಂದವರನ್ನು ಈ ಕಿವಿಯಿಂದ ಕೇಳಿದ್ದೇನೆ. ಆದರೆ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲೇ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲೇ ಶುರುವಾಗಿದ್ದವು, ಸೈರನ್ ಇನ್ನೂ ಕೂಗುತ್ತಿದ್ದಾಗಲೇ. ಇಂದು ಊರಿನ ಎಷ್ಟೋ ಒಲೆಗಳು ಹಾಸ್ಟೆಲ್, ಮೆಸ್, ಬಾಡಿಗೆ ಕೋಣೆ, ಆಸ್ಪತ್ರೆಗಳಿಂದ ಉರಿಯುತ್ತಿವೆ. ಗಿರಣಿಯ ಕಾರ್ಮಿಕನೇ ಹೋಗಿ ಪ್ರಾಧ್ಯಾಪಕನಾಗಲಿಲ್ಲ ಎಂಬುದು ಬೇರೆ ಮಾತು. ಊರು ಬದುಕಿತು ಎನ್ನುವಾಗ ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಗನಿಗೆ ಹೇಳಬೇಕಾದ ವ್ಯವಹಾರದ ಮಾತು ಇದು. ಎಚ್-1ಬಿಯಲ್ಲಿ ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಕುಸಿದ ಪೇಟೆಯಲ್ಲಿ ಮನೆ ಮಾರಲು ಅದು ಸಾಲದು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಅವನು ಹೆಮ್ಮೆಯಿಂದ ಹೇಳಿರುತ್ತಾನೆ. ಅದಕ್ಕೆ ಬದಲಾಗಿ ಮನೆಯ ಮೇಲಿನ ತೆರಿಗೆ ಭಾರಿಯಾಗಿದೆ, ವರ್ಷಕ್ಕೆ ಮನೆಯ ಮೌಲ್ಯದ ನೂರಕ್ಕೆ ಎರಡರ ಆಸುಪಾಸು. ಊರಿನ ಸುತ್ತ ಬಯಲೋ ಬಯಲು, ಬಡಾವಣೆಗೆ ಇಂತಲ್ಲೇ ಕಟ್ಟಬೇಕೆಂಬ ವಲಯದ ಕಟ್ಟುಪಾಡೂ ಇಲ್ಲ, ಹಾಗಾಗಿ ಮನೆಯ ಕೊರತೆಯಿಂದ ಬೆಲೆ ಗಗನಕ್ಕೇರುವ ಊರೂ ಅದಲ್ಲ. 2017ರ ಹಾರ್ವೆ ಚಂಡಮಾರುತದಲ್ಲಿ ಎಲ್ಲೆಲ್ಲಿ ನೀರು ನುಗ್ಗಿತ್ತು ಎಂಬುದನ್ನೂ ನೋಡಲಿ. ಎರಡು ವರ್ಷ ಬಾಡಿಗೆಗೆ ಇರಲಿ. ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿರಲಿ. ಸಾಧ್ಯವಾದರೆ ಸಂಸ್ಕರಣೆಯ ಕಡೆಗೋ ವಿದ್ಯುತ್ತಿನ ಕಡೆಗೋ ಕೆಲಸ ಬದಲಿಸಲಿ. ನಿವೇಶನ ಅಲ್ಲೇ ಇರಲಿ, ಅದಕ್ಕೆ ಯಾವ ವೀಸಾದ ಹಂಗೂ ಇಲ್ಲ.

ಪ್ರಶ್ನೆ: 2020ರಲ್ಲಿ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು ಎಂದು ಓದಿದೆ. ಹಣ ಕೊಟ್ಟು ಎಣ್ಣೆಯನ್ನೂ ಕೊಟ್ಟರೇ? ಹಾಗಾದರೆ ನಮ್ಮ ಬಂಕಿನಲ್ಲಿ ಬೆಲೆ ಏಕೆ ಇಳಿಯಲಿಲ್ಲ? — ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಚಿತ್ರದುರ್ಗ

ಉತ್ತರ: ಎಪಿಎಂಸಿಗೆ ಟೊಮೆಟೊ ತಂದ ರೈತ, ಕೇಳುವವರಿಲ್ಲದೆ ಮಧ್ಯಾಹ್ನವಾದ ಮೇಲೆ ಏನು ಮಾಡುತ್ತಾನೆ? ವಾಪಸ್ ಒಯ್ದರೆ ಗಾಡಿ ಬಾಡಿಗೆ, ಅಲ್ಲೇ ಬಿಟ್ಟರೆ ಕೊಳೆ. ‘ಯಾರಾದರೂ ಒಯ್ಯಿರಪ್ಪಾ, ಹಮಾಲಿ ನಾನೇ ಕೊಡುತ್ತೇನೆ’ ಎನ್ನುವ ಸ್ಥಿತಿ. 2020ರ ಏಪ್ರಿಲ್ 20ರಂದು ನಡೆದದ್ದು ಅದೇ. ಮೇ ತಿಂಗಳಲ್ಲಿ ಎಣ್ಣೆ ಪಡೆಯುವುದಾಗಿ ಮೊದಲೇ ಬೆಲೆ ಕಟ್ಟಿ ಮಾಡಿಕೊಂಡ ಅಮೆರಿಕನ್ ತೈಲದ ಒಪ್ಪಂದ ಮರುದಿನ ಮುಗಿಯಲಿತ್ತು. ಮುಗಿದರೆ ಕೈಯಲ್ಲಿ ಕಾಗದವಿದ್ದವನು ಓಕ್ಲಹೋಮಾದ ಕುಶಿಂಗ್ ಎಂಬಲ್ಲಿ ನಿಜವಾದ ಎಣ್ಣೆಯನ್ನು ಎತ್ತಿಕೊಳ್ಳಬೇಕು. ಕೊರೊನಾದಿಂದ ವಾಹನಗಳು ನಿಂತು, ಅಲ್ಲಿಯ ತೊಟ್ಟಿಗಳಲ್ಲಿ ಜಾಗ ಸಿಗುತ್ತಿರಲಿಲ್ಲ. ಜಾಗವಿಲ್ಲದವನು ಯಾರ ತಲೆಗಾದರೂ ಕಟ್ಟಬೇಕಿತ್ತು. ದಿನದ ಕೊನೆಗೆ ಬೆಲೆ ಪೀಪಾಯಿಗೆ ಸೊನ್ನೆಗಿಂತ 37.63 ಡಾಲರ್ ಕೆಳಗೆ. ಒಂದು ಪೀಪಾಯಿ ಎಂದರೆ 159 ಲೀಟರ್, ಪರೀಕ್ಷೆಗೆ ಬೇಕಾದೀತು.

ನಮ್ಮಲ್ಲಿ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ತೈಲದ ಸೌದಾ ಮಾಡುತ್ತಿದ್ದವರಿಗೂ ಆ ರಾತ್ರಿ ಬಿಸಿ ತಟ್ಟಿತು. ಎಣ್ಣೆಯ ಹನಿಯನ್ನೂ ಕಾಣದವರು ಅವರು. ‘ಬೆಲೆ ಸೊನ್ನೆಗಿಂತ ಕೆಳಗೆ ಹೋಗಲು ಸಾಧ್ಯವೇ ಇಲ್ಲ’ ಎಂದು ನನ್ನ ಜೊತೆ ವಾದ ಮಾಡಿದ್ದ ಪರಿಚಿತರೊಬ್ಬರು ಒಂದು ತಿಂಗಳು ನನ್ನ ಬೀದಿಯಲ್ಲೇ ಬರಲಿಲ್ಲ.

ಬಂಕಿನ ಬೆಲೆ ಇಳಿಯದ್ದಕ್ಕೆ ಕಾರಣ ಸರಳ. 2020ರ ಮೇ ತಿಂಗಳ ಮೊದಲ ವಾರ ಕೇಂದ್ರ ಸರ್ಕಾರ ಲೀಟರಿಗೆ ಪೆಟ್ರೋಲಿನ ಮೇಲೆ 10, ಡೀಸೆಲಿನ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. ಇಳಿಕೆ ಹಡಗಿನಿಂದ ಇಳಿಯಿತು, ಬೊಕ್ಕಸಕ್ಕೆ ಹೋಯಿತು. ಸರ್ಕಾರವನ್ನು ಬೈಯಲು ನನ್ನ ಅಂಕಣ ಬೇಕಾಗಿಲ್ಲ. ಆ ವರ್ಷ ಬೊಕ್ಕಸಕ್ಕೆ ಬೇರೆ ದಾರಿಗಳೂ ಮುಚ್ಚಿದ್ದವು ಎಂಬುದನ್ನು ಉತ್ತರ ಪತ್ರಿಕೆಯಲ್ಲಿ ಬರೆಯಿರಿ, ಎರಡು ಅಂಕ ಹೆಚ್ಚು ಬಂದೀತು.

ಪ್ರಶ್ನೆ: ನನ್ನದು ಎರಡು ಲಾರಿ. ಡೀಸೆಲ್ ಏರಿದಾಗ ನನ್ನ ತಲೆಗೆ, ಇಳಿದಾಗ ಬಾಡಿಗೆ ಕೊಡುವವರ ಜೇಬಿಗೆ. ಕಚ್ಚಾ ತೈಲ ಅಗ್ಗವಾಗುತ್ತದಂತೆ, ಮೂರನೇ ಲಾರಿ ತೆಗೆಯಲೇ? — ಲಾರಿ ಮಾಲೀಕರು, ಚಿತ್ರದುರ್ಗ

ಉತ್ತರ: ಯಜಮಾನರೇ, ಲಾರಿ ಸಾಲದ ಬಗ್ಗೆ ಸಲಹೆ ಕೊಡುವ ಮೊದಲು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

2008ರಿಂದ ಮೂರು ವರ್ಷ ನಾನು ನಿಮ್ಮ ಊರಿನ ಒಂದು ಶಾಖೆಯಲ್ಲಿದ್ದೆ. ಭೀಮಸಮುದ್ರದ ಕಡೆಯ ರಸ್ತೆಯಲ್ಲಿ ಅದಿರಿನ ಟಿಪ್ಪರ್‌ಗಳು ಸಾಲುಗಟ್ಟಿದ್ದ ಕಾಲ. ರಸ್ತೆ ಬದಿಯ ಮರಗಳ ಎಲೆಯೂ ಕೆಂಪು, ನಮ್ಮ ಶಾಖೆಯ ಕಡತಗಳೂ ಕೆಂಪು. ಚೀನಾ ಕೊಳ್ಳುತ್ತಿದೆ, ಬೆಲೆ ಏರುತ್ತಿದೆ, ಹಳ್ಳಿಯ ಹುಡುಗರು ಜಮೀನಿನ ಪತ್ರ ಹಿಡಿದುಕೊಂಡು ಬಂದು ಟಿಪ್ಪರ್‌ಗೆ ಸಾಲ ಕೇಳುತ್ತಿದ್ದರು. ತಿಂಗಳಿಗೆ ಇಷ್ಟು ಟ್ರಿಪ್ಪು, ಟ್ರಿಪ್ಪಿಗೆ ಇಷ್ಟು, ಕಂತು ಕಳೆದು ಇಷ್ಟು ಉಳಿಕೆ ಎಂದು ನಾನೇ ಕೈಬರಹದಲ್ಲಿ ಲೆಕ್ಕ ಹಾಕಿ ಕೊಟ್ಟಿದ್ದೇನೆ. ಟ್ರಿಪ್ಪು ನಿಂತರೆ ಎಂಬ ಕಲಂ ಆ ಕಾಗದದಲ್ಲಿ ಇರಲಿಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮುಂದಿನ ತಿಂಗಳೇ ಕಂತು ನಿಂತಿತು. ಪಂಕ್ಚರ್ ಅಂಗಡಿ, ಡಾಬಾ, ಬಿಡಿಭಾಗದ ಅಂಗಡಿ ಬಾಗಿಲು ಹಾಕಿಕೊಂಡವು. ಒಬ್ಬ ಹುಡುಗ ಟಿಪ್ಪರನ್ನು ಶಾಖೆಯ ಮುಂದೆಯೇ ನಿಲ್ಲಿಸಿ ಕೀಲಿಯನ್ನು ನನ್ನ ಮೇಜಿನ ಗಾಜಿನ ಮೇಲೆ ಇಟ್ಟು ಹೋದ. ಮಾತನಾಡಲಿಲ್ಲ. ಹ್ಯೂಸ್ಟನ್‌ನ ಆ ಬೀಗದ ಕೈಗಳ ಸಂಗತಿ ಓದಿದಾಗ ನನಗೆ ನೆನಪಾದದ್ದು ಆ ಗಾಜಿನ ಮೇಲಿನ ಸದ್ದು.

ಈಗ ನಿಮ್ಮ ಲೆಕ್ಕ. ಬೆಲೆ ಇಳಿದ ಸುದ್ದಿಗೂ ನಿಮ್ಮ ಟ್ಯಾಂಕಿಗೂ ನಡುವೆ ಎರಡು ಸರ್ಕಾರಗಳು ಕುಳಿತಿವೆ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು, ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಅದರ ಬೆನ್ನಿಗೇ ವಿಶ್ವ ಪೇಟೆಯಲ್ಲಿ ಕಚ್ಚಾ ತೈಲ ಕುಸಿಯಿತು. ಕೂಡಲೇ ಕೇಂದ್ರ ಲೀಟರಿಗೆ 2 ರೂಪಾಯಿ ಅಬಕಾರಿ ಸುಂಕ ಏರಿಸಿತು. ಬಂಕಿನಲ್ಲಿ ಆ ಸುಂಕದಿಂದ ಬೆಲೆ ಏರಲಿಲ್ಲ, ಕುಸಿತದಿಂದ ಇಳಿಯಲೂ ಇಲ್ಲ. ಹಾಗಾಗಿ ಅಗ್ಗದ ಡೀಸೆಲ್ ನಂಬಿ ಲಾರಿ ತೆಗೆಯಬೇಡಿ. ಸರಕು ನಂಬಿ ತೆಗೆಯಿರಿ. ಮೂರನೇ ಲಾರಿಗೆ ವರ್ಷದ ಕರಾರು ಬರೆದುಕೊಡುವ ಗಿರಾಕಿ ಇದ್ದಾರೆಯೇ? ಡೀಸೆಲ್ ಇಷ್ಟು ಏರಿದರೆ ಬಾಡಿಗೆಯೂ ಇಷ್ಟು ಏರಬೇಕು ಎಂಬ ಷರತ್ತು ಆ ಕರಾರಿನಲ್ಲಿ ಇದೆಯೇ? ಎರಡಕ್ಕೂ ಹೌದು ಎಂದಾದರೆ ಬ್ಯಾಂಕಿಗೆ ಹೋಗಿ. ಆ ಶಾಖೆಯಲ್ಲಿ ಈಗ ನಾನಿಲ್ಲ ಎಂಬುದೂ ನಿಮಗೆ ಅನುಕೂಲವೇ.

ಪ್ರಶ್ನೆ: ನಮ್ಮದು ಮಾವನವರ ಕಾಲದ ಶೇಂಗಾ ಎಣ್ಣೆ ಮಿಲ್ಲು, ಈಗ ಅರ್ಧ ವರ್ಷ ನಿಂತೇ ಇರುತ್ತದೆ. ಸೌದಿಯಲ್ಲಿ ತೈಲದ ಬೆಲೆ ಏರಿದರೆ ನಮ್ಮ ಎಣ್ಣೆಯ ದರವೂ ಏರುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಅದು ನೆಲದಡಿಯ ಎಣ್ಣೆ, ಇದು ಕಾಳಿನ ಎಣ್ಣೆ. ಸಂಬಂಧವೇನು? — ಗೃಹಿಣಿ, ಚಳ್ಳಕೆರೆ

ಉತ್ತರ: ತಾಯಿ, ನಿಮ್ಮ ಯಜಮಾನರು ಹೇಳುವುದು ಸರಿ. ನಾನು ಗುಮಾಸ್ತನಾಗಿದ್ದಾಗ ಈ ಸಂಬಂಧ ಇಷ್ಟು ಗಟ್ಟಿಯಿರಲಿಲ್ಲ.

ಕೊಂಡಿ ಇರುವುದು ತಾಳೆ ಎಣ್ಣೆಯಲ್ಲಿ. ಇಂಡೋನೇಷ್ಯಾ ತನ್ನ ತಾಳೆ ಎಣ್ಣೆಯ ದೊಡ್ಡ ಭಾಗವನ್ನು ಡೀಸೆಲಿಗೆ ಬೆರೆಸುತ್ತದೆ. ನೂರು ಲೀಟರ್ ಮಿಶ್ರಣದಲ್ಲಿ ತಾಳೆಯ ಇಂಧನ 2020ರಲ್ಲಿ 30 ಲೀಟರ್, 2023ರಲ್ಲಿ 35, 2025ರಲ್ಲಿ 40 ಎಂದು ಗುರಿ ಏರಿಸುತ್ತಲೇ ಬಂದಿದೆ. ಡೀಸೆಲ್ ದುಬಾರಿಯಾದಷ್ಟೂ ತಾಳೆ ಎಣ್ಣೆ ಲಾರಿಯ ಟ್ಯಾಂಕಿಗೆ ಹೋಗುವುದು ಲಾಭ, ಬಾಣಲೆಗೆ ಉಳಿಯುವುದು ಕಡಿಮೆ. ನಮ್ಮ ದೇಶ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ, ಅದರಲ್ಲಿ ತಾಳೆಯದೇ ಮೇಲುಗೈ. ಅದು ಏರಿದರೆ ಸೂರ್ಯಕಾಂತಿ ಏರುತ್ತದೆ, ಸೋಯಾ ಏರುತ್ತದೆ, ಕೊನೆಗೆ ಶೇಂಗಾ. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ನಿಂತು, ಏಪ್ರಿಲ್ ಕೊನೆಯಿಂದ ಸುಮಾರು ಒಂದು ತಿಂಗಳು ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿದಾಗ ನೀವು ಡಬ್ಬಿಯ ದರ ನೋಡಿರುತ್ತೀರಿ.

ನಿಮ್ಮ ಮಿಲ್ಲು ಅರ್ಧ ವರ್ಷ ನಿಲ್ಲುವ ಕಥೆ ಶುರುವಾದದ್ದೂ ಅಲ್ಲೇ. 1994ರಲ್ಲಿ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟರು. ಆಗ ಸುಂಕ ಶೇ 65. ನಾಲ್ಕೇ ವರ್ಷಗಳಲ್ಲಿ ಅದು ಶೇ 15ರ ಹತ್ತಿರಕ್ಕೆ ಬಂತು. ಬಡವರ ಬಾಣಲೆಗೆ ಅಗ್ಗದ ಎಣ್ಣೆ ಬಿತ್ತು, ಅದನ್ನು ಕೆಟ್ಟದ್ದೆನ್ನಲು ನನಗೆ ಬಾಯಿ ಬರುವುದಿಲ್ಲ. ಚಳ್ಳಕೆರೆಯ ಮಿಲ್ಲುಗಳಿಗೆ ಒಂದೊಂದಾಗಿ ಬೀಗ ಬಿತ್ತು. ಇದರ ಜೊತೆಗೆ ಮಳೆಯ ಆಟ ಬೇರೆ. ಹಳ್ಳಿಗಳಲ್ಲಿ ಶೇಂಗಾ ಬಿತ್ತುವವರೇ ಕಡಿಮೆಯಾದರು. ಈಗಲೂ ನಿಮ್ಮ ದರ ದೆಹಲಿಯ ಒಂದು ಅಧಿಸೂಚನೆಯ ಮೇಲೆ ನಿಂತಿದೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲಗಳ ಮೂಲ ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿದರು, 2025ರ ಮೇ ಕೊನೆಗೆ 10ಕ್ಕೆ ಇಳಿಸಿದರು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಕಾಯಿದೆ ನಿಲ್ಲುವುದಿಲ್ಲ.

ನೀವು ಕೇಳದಿದ್ದರೂ ಹೇಳುತ್ತೇನೆ. ದೊಡ್ಡ ಮಿಲ್ಲನ್ನು ವರ್ಷವಿಡೀ ಓಡಿಸುವ ಆಸೆ ಬಿಟ್ಟು, ಒಂದು ಸಣ್ಣ ಗಾಣ ಹಾಕಿ, ಗಿರಾಕಿಯ ಎದುರಿಗೇ ಎಣ್ಣೆ ತೆಗೆದು ಲೀಟರ್ ಲೆಕ್ಕದಲ್ಲಿ ಮಾರುವುದನ್ನು ಯೋಚಿಸಿ. ಗಾಣದ ಎಣ್ಣೆಗೆ ಹೆಚ್ಚು ಹಣ ಕೊಡುವ ಜನ ಈಗ ಇದ್ದಾರೆ, ಅವರು ತಾಳೆ ಎಣ್ಣೆಯ ದರ ನೋಡಿ ಬರುವವರಲ್ಲ. ಹಿಂಡಿಗೆ ಹಸು ಸಾಕುವವರು ಬಂದೇ ಬರುತ್ತಾರೆ. ಕುದಾಪುರದ ಕಡೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ ಎಂದು ದೊಡ್ಡ ಬೇಲಿಗಳು ಎದ್ದಿವೆ. ಅಮೃತಮಹಲ್ ಕಾವಲಿನಲ್ಲಿ ದನ, ಕುರಿ ಮೇಯಿಸುತ್ತಿದ್ದವರ ಸಿಟ್ಟು ಇನ್ನೂ ಆರಿಲ್ಲ. ಆದರೆ ಅಲ್ಲಿಗೆ ಬರುವವರೂ ಒಗ್ಗರಣೆಗೆ ಎಣ್ಣೆ ಕೊಳ್ಳಲೇಬೇಕು.

ಪ್ರಶ್ನೆ: ನನ್ನ ಮನೆಯವರು ಸೌದಿಯಲ್ಲಿ ವೆಲ್ಡರ್. ಸಂಸ್ಕರಣಾಗಾರ ದುರಸ್ತಿಗೆ ನಿಲ್ಲಿಸಿದಾಗ ಮಾಡುವ ಕೆಲಸ. ಗುತ್ತಿಗೆದಾರ ನಾಲ್ಕು ತಿಂಗಳಿಂದ ಸಂಬಳ ಕೊಟ್ಟಿಲ್ಲ. ತೈಲದ ಬೆಲೆ ಇಳಿದಿದೆ, ಮೇಲಿನವರಿಂದ ಬಿಲ್ಲು ಬಂದಿಲ್ಲ ಎನ್ನುತ್ತಾನಂತೆ. — ಹೆಸರು ಬೇಡ, ಆಜಾದ್ ನಗರ, ದಾವಣಗೆರೆ

ಉತ್ತರ: ತಂಗೀ, ಅವನು ಹೇಳುವ ಕಾರಣ ಸುಳ್ಳಿರಲಿಕ್ಕಿಲ್ಲ. ಆ ದೇಶಗಳಲ್ಲಿ ಸರ್ಕಾರದ ಕೈಗೆ ಎಣ್ಣೆಯ ಹಣ ಬಂದರೆ ರಸ್ತೆ, ಊರು, ಕಾರ್ಖಾನೆ ಏಳುತ್ತವೆ. ಬೆಲೆ ಇಳಿದರೆ ಬಿಲ್ಲು ತಡವಾಗುತ್ತದೆ, ತಡ ಮೇಲಿನಿಂದ ಕೆಳಗೆ ಗುತ್ತಿಗೆದಾರ, ಉಪಗುತ್ತಿಗೆದಾರ ಎಂದು ಇಳಿದು ಕೊನೆಗೆ ವೆಲ್ಡರ್ ಬಳಿ ನಿಲ್ಲುತ್ತದೆ. 2016ರಲ್ಲಿ ಸಾವಿರಾರು ಭಾರತೀಯರು ಅಲ್ಲಿ ಸಂಬಳವಿಲ್ಲದೆ ಸಿಕ್ಕಿಕೊಂಡದ್ದು ಹೀಗೆಯೇ, ಶಿಬಿರಗಳಿಗೆ ಊಟವನ್ನೂ ನಮ್ಮ ರಾಯಭಾರ ಕಚೇರಿಯವರು ಒದಗಿಸಬೇಕಾಯಿತು. ಆದರೆ ಕಾರಣ ಸತ್ಯವಾದರೆ ಸಂಬಳ ಮಾಫಿಯಾಗುವುದಿಲ್ಲ.

ಇವತ್ತೇ ಮಾಡಬೇಕಾದದ್ದು: ಕರಾರಿನ ಪ್ರತಿ, ಪಾಸ್‌ಪೋರ್ಟ್, ಇಕಾಮಾ (ಸೌದಿಯಲ್ಲಿ ವಾಸಿಸುವ ಪರವಾನಗಿ), ಕೊನೆಯ ಸಂಬಳ ಬಂದ ಬ್ಯಾಂಕ್ ಸಂದೇಶ, ಎಲ್ಲದರ ಚಿತ್ರ ತೆಗೆದು ನಿಮಗೆ ಕಳಿಸಲು ಅವರಿಗೆ ಹೇಳಿ. ವಿದೇಶಾಂಗ ಸಚಿವಾಲಯದ ‘ಮದದ್’ ಎಂಬ ಜಾಲತಾಣದಲ್ಲಿ ಮನೆಯವರಾಗಿ ನೀವೇ ಇಲ್ಲಿಂದ ದೂರು ದಾಖಲಿಸಬಹುದು, ಶುಲ್ಕವಿಲ್ಲ. ರಿಯಾದಿನ ರಾಯಭಾರ ಕಚೇರಿಗೆ ಅವರೂ ಬರೆಯಲಿ. ಸತತ ಮೂರು ತಿಂಗಳು ಸಂಬಳ ಕೊಡದಿದ್ದರೆ ಮಾಲೀಕನ ಒಪ್ಪಿಗೆಯಿಲ್ಲದೆ ಬೇರೆಡೆ ಸೇರಲು ಸೌದಿ ನಿಯಮದಲ್ಲೇ ಅವಕಾಶವಿದೆ. ಬಾಕಿ ಬಂದಿದೆ ಎಂದು ಬರೆದ ಯಾವ ಕಾಗದಕ್ಕೂ, ಊರಿಗೆ ಕಳಿಸುತ್ತೇನೆ ಎಂಬ ಆಸೆಗೆ, ಸಹಿ ಹಾಕದಿರಲಿ. ಮನೆಯ ಒಡವೆಯ ಮೇಲೆ ಹೊಸ ಸಾಲ ಮಾಡುವ ಮುನ್ನ ನನಗೆ ಇನ್ನೊಂದು ಪತ್ರ ಬರೆಯಿರಿ. ಅಂಕಣಕ್ಕೆ ಕಾಯದೆ ಅಂಚೆಯಲ್ಲೇ ಉತ್ತರಿಸುತ್ತೇನೆ.

ಪ್ರಶ್ನೆ: ಗ್ಯಾಸ್ ಏರಿತು, ಎಣ್ಣೆ ಏರಿತು ಎಂದು ಬೆಣ್ಣೆ ದೋಸೆಯ ಬೆಲೆ ಏರಿಸಿದರು. ಎರಡೂ ಇಳಿದಾಗ ದೋಸೆ ಏಕೆ ಇಳಿಯಲಿಲ್ಲ? — ಒಬ್ಬ ತಿಂಡಿಪ್ರಿಯ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಹೋಟೆಲಿನವರ ಹತ್ತೊಂಬತ್ತು ಕಿಲೋ ಸಿಲಿಂಡರಿನ ಬೆಲೆ ಪ್ರತಿ ತಿಂಗಳ ಒಂದನೇ ತಾರೀಕು ಬದಲಾಗುತ್ತದೆ. ಗೋಡೆಯ ದರಪಟ್ಟಿ ಬಣ್ಣದಲ್ಲಿ ಬರೆಸಿದ್ದು. ನಿಮ್ಮ ಪತ್ರ ಜೇಬಿನಲ್ಲಿಟ್ಟುಕೊಂಡೇ ಕಳೆದ ಭಾನುವಾರ ನಾನು ಹೋಗುವ ಹೋಟೆಲಿನಲ್ಲಿ ಕೇಳಿದೆ. ‘ಸರ್, ಗ್ಯಾಸ್ ಬಿಡಿ, ಬೆಣ್ಣೆಯ ಬೆಲೆ ವಿಚಾರಿಸಿದ್ದೀರಾ?’ ಎಂದು ಕಾವಲಿಯ ಮೇಲೆ ಇನ್ನೊಂದು ಉಂಡೆ ಹಾಕಿದರು. ವಿಚಾರಿಸಿರಲಿಲ್ಲ. ಒಂದು ಖಾಲಿ ದೋಸೆ ಹೇಳಿ ಕುಳಿತೆ.